ಕೊಡಲಿ ತಾಗದೆ ಸತ್ತ ಕಾಡು (ಭಾಗ 4)

ಸಮುದ್ರದ ಅಂಚಲ್ಲೇ ಬೆಳೆದ ಮರ ನೀರಿಲ್ಲದೆ ಸಾಯುತ್ತೆ ಅಂದ್ರೆ ನಂಬ್ತೀರಾ? 2015ರ ಕೊನೆಗೆ ಉತ್ತರ ಆಸ್ಟ್ರೇಲಿಯಾದ ಕಾರ್ಪೆಂಟೇರಿಯಾ ಕೊಲ್ಲಿಯಲ್ಲಿ ಆಗಿದ್ದು ಅದೇ. ಸುಮಾರು 1,000 ಕಿ.ಮೀ. ಕರಾವಳಿಯುದ್ದಕ್ಕೂ 7,000 ಹೆಕ್ಟೇರಿಗೂ ಹೆಚ್ಚು ಕಾಂಡ್ಲಾ ಕಾಡು ಕೆಲವೇ ತಿಂಗಳಲ್ಲಿ ಒಣಗಿಹೋಯ್ತು. ಯಾರೂ ಕಡಿದಿರಲಿಲ್ಲ.

ಆ ವರ್ಷ ಎಲ್ ನಿನೊ ಜೋರಾಗಿತ್ತು. ಮಳೆ ಕೈಕೊಟ್ಟಿತು, ಬಿಸಿ ಏರಿತು. ಅದೇ ಹೊತ್ತಿಗೆ ಅಲ್ಲಿನ ಸಮುದ್ರಮಟ್ಟವೂ ಇಳಿಯಿತು. ಉಬ್ಬರದ ನೀರು ಎಷ್ಟೋ ಮರಗಳ ಬುಡ ಮುಟ್ಟಲಿಲ್ಲ. ಮಣ್ಣಲ್ಲಿ ಉಳಿದದ್ದು ಉಪ್ಪು.

ನಾವು ಬಿಕಾಂನವರು ಒಂದೊಂದು ಖರ್ಚನ್ನೂ ಬೇರೆ ಬೇರೆ ಸಾಲಲ್ಲಿ ಬರೀತೀವಿ. ಮರಕ್ಕೆ ಆ ಸೌಕರ್ಯ ಇಲ್ಲ, ಎಲ್ಲಾ ಸಾಲಗಾರರೂ ಒಂದೇ ದಿನ ಬಾಗಿಲಿಗೆ ಬಂದ ಹಾಗೆ. ಕುಂದಾಪುರದಲ್ಲೋ ಅಘನಾಶಿನಿಯಲ್ಲೋ ಹಸಿರು ಕಾಂಡ್ಲಾ ಕಂಡಾಗ, ಇದನ್ನೊಮ್ಮೆ ನೆನಪು ಮಾಡ್ಕೊಳ್ಳಿ.