ಫೋಬೋಸ್: ಹಗುರ ಚಂದ್ರನ ಒಳಗು

ಮಂಗಳದ ಎರಡು ಉಪಗ್ರಹಗಳಲ್ಲಿ ಫೋಬೋಸ್ ಒಳಗಿನದು, ದೊಡ್ಡದು. ದೊಡ್ಡದೆಂದರೂ ಉದ್ದ 27 ಕಿ.ಮೀ., ಅಗಲ 22, ದಪ್ಪ 18; ಆಲೂಗಡ್ಡೆಯಂಥ ಆಕಾರ. 7 ಗಂಟೆ 39 ನಿಮಿಷಕ್ಕೊಂದು ಸುತ್ತು ಹಾಕುವುದರಿಂದ ಮಂಗಳದ ನೆಲದಿಂದ ನೋಡಿದರೆ ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತದೆ.

1877ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿನ ನೌಕಾ ವೀಕ್ಷಣಾಲಯದಲ್ಲಿ ಖಗೋಳವಿಜ್ಞಾನಿ ಆಸಫ್ ಹಾಲ್ ಮೊದಲು ಹೊರಗಿನ ಉಪಗ್ರಹ ಡೀಮೋಸನ್ನೂ ಕೆಲವೇ ದಿನಗಳಲ್ಲಿ ಫೋಬೋಸನ್ನೂ ಕಂಡರು. ಹುಡುಕಿ ಬೇಸತ್ತಿದ್ದ ಹಾಲ್‌ಗೆ ಹುರುಪು ತುಂಬಿದವರು ಪತ್ನಿ ಆಂಜಲೀನ್. ಫೋಬೋಸ್‌ನ 9 ಕಿ.ಮೀ. ಅಗಲದ ದೊಡ್ಡ ಕುಳಿಗೆ ಅವರ ತವರಿನ ಹೆಸರಿದೆ: ಸ್ಟಿಕ್ನಿ.

ಫೋಬೋಸ್‌ನ ಕಕ್ಷೆ ಕಿರಿದಾಗುತ್ತಿದೆ ಎಂದು 1945ರಲ್ಲಿ ಖಗೋಳವಿಜ್ಞಾನಿ ಶಾರ್ಪ್‌ಲೆಸ್ ಲೆಕ್ಕ ಹಾಕಿದರು. ಮಂಗಳದ ತೆಳುಗಾಳಿಯೇ ಅದನ್ನು ತಡೆಯುತ್ತಿದ್ದರೆ ಅದು ಅಸಾಧ್ಯವೆನ್ನುವಷ್ಟು ಹಗುರವಿರಬೇಕು, ಅಂದರೆ ಟೊಳ್ಳು, ಬಹುಶಃ ಯಾರೋ ಕಟ್ಟಿದ್ದು ಎಂದು ಸೋವಿಯತ್ ವಿಜ್ಞಾನಿ ಶ್ಕ್ಲೋವ್‌ಸ್ಕಿ ಊಹಿಸಿದರು. ಶಾರ್ಪ್‌ಲೆಸ್‌ರ ಅಂಕಿ ದೊಡ್ಡದಾಗಿತ್ತು, ಶ್ಕ್ಲೋವ್‌ಸ್ಕಿ ಹಿಡಿದ ಕಾರಣವೂ ತಪ್ಪು. ಫೋಬೋಸ್ ಮಂಗಳದ ಮೈಯಲ್ಲಿ ಎಬ್ಬಿಸುವ ಉಬ್ಬು ಅದರ ವೇಗಕ್ಕೆ ಸಾಟಿಯಾಗದೆ ಹಿಂದುಳಿಯುತ್ತದೆ, ಹಿಂದಿನಿಂದ ಜಗ್ಗುತ್ತದೆ. ಹೀಗೆ ಫೋಬೋಸ್ ನೂರು ವರ್ಷಕ್ಕೆ ಸುಮಾರು 1.8 ಮೀಟರ್ ಕೆಳಗಿಳಿಯುತ್ತಿದೆ.

1971ರಲ್ಲಿ ಮ್ಯಾರಿನರ್ 9 ನೌಕೆ ಕಳಿಸಿದ ಚಿತ್ರಗಳಲ್ಲಿ ಕಂಡದ್ದು ಕುಳಿಬಿದ್ದ ಕರಿಬಂಡೆ. ಆದರೆ ‘ಹಗುರ’ ಎಂಬ ಮಾತು ಪೂರ್ತಿ ಸುಳ್ಳಾಗಲಿಲ್ಲ. 2010ರ ಮಾರ್ಚ್‌ನಲ್ಲಿ ಮಾರ್ಸ್ ಎಕ್ಸ್‌ಪ್ರೆಸ್ ನೌಕೆ 67 ಕಿ.ಮೀ. ಅಂತರದಲ್ಲಿ ಹಾದಾಗ ಅದರ ರೇಡಿಯೊ ಸಂಕೇತದಲ್ಲಾದ ಸೂಕ್ಷ್ಮ ಬದಲಾವಣೆಯಿಂದ ಫೋಬೋಸನ್ನು ತೂಗಿದರು. ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.87 ಗ್ರಾಂ; ಗಟ್ಟಿ ಬಂಡೆಗಿಂತ ಎಷ್ಟೋ ಕಡಿಮೆ. ಒಡಲಿನ ಸುಮಾರು ಶೇ. 30 ಭಾಗ ಬರಿದು. ಆದರೆ ಅದು ಒಂದೇ ಗುಹೆಯಲ್ಲ. ಲಾರಿಯಿಂದ ಸುರಿದ ಜಲ್ಲಿರಾಶಿಯಲ್ಲಿ ಕಲ್ಲು ಕಲ್ಲುಗಳ ನಡುವೆ ಉಳಿಯುವಂಥ ಸಂದುಗಳು. ಸ್ಟಿಕ್ನಿ ಕುಳಿ ತೋಡಿದ ಪೆಟ್ಟಿಗೂ ಫೋಬೋಸ್ ಚೂರಾಗದೆ ಉಳಿದದ್ದು ಈ ಸಂದುಗಳು ಹೊಡೆತವನ್ನು ನುಂಗಿದ್ದರಿಂದ ಎಂಬ ವಾದವಿದೆ.

ಹುಟ್ಟಿನ ಜಗಳ ಇನ್ನೂ ಮುಗಿದಿಲ್ಲ. ಕಪ್ಪು ಮೈಬಣ್ಣ ನೋಡಿದರೆ ಮಂಗಳ ಸೆರೆಹಿಡಿದ ಕ್ಷುದ್ರಗ್ರಹ ಅನ್ನಿಸುತ್ತದೆ. ಆದರೆ ಸೆರೆಸಿಕ್ಕ ಕಲ್ಲಿನ ಹಾದಿ ಉದ್ದನೆಯ, ಓರೆಯಾದ ದೀರ್ಘವೃತ್ತವಾಗಿರಬೇಕಿತ್ತು. ಇದರದ್ದೋ ಸಮಭಾಜಕಕ್ಕೆ ಹೊಂದಿಕೊಂಡ, ಹೆಚ್ಚುಕಡಿಮೆ ದುಂಡು ಹಾದಿ. ಮಂಗಳಕ್ಕೆ ಭಾರಿ ಕಾಯವೊಂದು ಅಪ್ಪಳಿಸಿ ಚಿಮ್ಮಿದ ಚೂರುಗಳೇ ಕೂಡಿ ಉಪಗ್ರಹಗಳಾದವು ಎಂಬ ವಾದಕ್ಕೆ ಈ ಕಕ್ಷೆಯೇ ಬಲವಾದ ಸಾಕ್ಷಿ. ಬೆಂಗಳೂರಿನಿಂದ ನಿಯಂತ್ರಿಸುತ್ತಿದ್ದ ಮಂಗಳಯಾನ 2020ರ ಜುಲೈ 1ರಂದು 4,200 ಕಿ.ಮೀ. ದೂರದಿಂದ ತೆಗೆದ ಚಿತ್ರದಲ್ಲೂ ಸ್ಟಿಕ್ನಿ ಎದ್ದು ಕಾಣುತ್ತದೆ. ಆದರೆ ಹುಟ್ಟಿನ ಪ್ರಶ್ನೆಗೆ ಚಿತ್ರ ಸಾಲದು, ಹಿಡಿಮಣ್ಣು ಬೇಕು. ಅದನ್ನು ಭೂಮಿಗೆ ತರಲೆಂದೇ ಜಪಾನ್ ಎಂಎಂಎಕ್ಸ್ ಯೋಜನೆ ರೂಪಿಸಿದೆ.