ಕಟ್ಟು ಹಾಕಿಸಿದ ನೆನಪು

ಕನಕಪುರ ಸೀಮೆಯ ಮರಳವಾಡಿಯಲ್ಲಾಗಲಿ, ಅದರ ಸುತ್ತಲಿನ ಹಳ್ಳಿಗಳಲ್ಲಾಗಲಿ, ಹಳೆಯ ಹೆಂಚಿನ ಮನೆಯೊಂದರ ನಡುಮನೆಗೆ ಹೋಗಿ ತಲೆ ಎತ್ತಿದರೆ ಪಟಗಳ ಒಂದು ಸಾಲು ಕಾಣುತ್ತದೆ. ನೆಲದ ಮೇಲೆ ಕುಳಿತವರಿಗೂ ಕಾಣಲೆಂದು ಗೋಡೆಯ ನೆತ್ತಿಯಲ್ಲಿ ಮುಂದಕ್ಕೆ ಬಾಗಿಸಿ ತೂಗುಹಾಕಿದ ಪಟಗಳು. ಮೊದಲು ಲಕ್ಷ್ಮಿ, ತಿರುಪತಿ ತಿಮ್ಮಪ್ಪ, ಮನೆದೇವರು. ಆಮೇಲೆ ಪೇಟ ಸುತ್ತಿದ ಅಜ್ಜ, ಮಗನ ಮದುವೆ, ಮಗಳು ಶಾಲೆಗೆ ಹೋಗುತ್ತಿದ್ದಾಗ ಬಣ್ಣದ ದಾರದಲ್ಲಿ ಹೆಣೆದ ಎರಡು ಗಿಳಿ, ಅವುಗಳ ಕೆಳಗೆ ‘ಸುಸ್ವಾಗತ’. ಬಾಗಿದ ಪಟದ ಹಿಂದಿನ ಸಂದಿಯಲ್ಲಿ ಗುಬ್ಬಿ ಗೂಡು ಕಟ್ಟುವುದೂ ಉಂಟು.

ಇವೆಲ್ಲ ‘ಕಟ್ಟು ಹಾಕಿಸಿದ’ ಪಟಗಳು. ಫ್ರೇಮು, ಚೌಕಟ್ಟು ಎಂಬ ಮಾತುಗಳು ಬಳಕೆಯಲ್ಲಿದ್ದರೂ ‘ಇಲ್ಲಿ ಫೋಟೋಗಳಿಗೆ ಕಟ್ಟು ಹಾಕಿಕೊಡಲಾಗುವುದು’ ಎಂಬ ಬೋರ್ಡು ಪೇಟೆ ಬೀದಿಗಳಿಗೆ ಹೊಸದಲ್ಲ. ಅಂಗಡಿಯವರು ಬಿಟ್ಟಿಯಾಗಿ ಕೊಟ್ಟ ಕ್ಯಾಲೆಂಡರಿನಿಂದ ತಿಂಗಳ ಹಾಳೆಗಳನ್ನು ಕತ್ತರಿಸಿ ತೆಗೆದು, ಉಳಿದ ದೇವರ ಚಿತ್ರಕ್ಕೆ ಕೈಯಿಂದ ಹಣ ಕೊಟ್ಟು ಗಾಜು ಹಾಕಿಸುವವರನ್ನು ಎಲ್ಲ ಊರುಗಳಲ್ಲೂ ಕಾಣಬಹುದು. ಚಿತ್ರಕ್ಕೆ ಬೆಲೆಯಿಲ್ಲ, ಕಟ್ಟಿಗೆ ಬೆಲೆಯಿದೆ ಎಂದು ಇದರರ್ಥವಲ್ಲ. ಕಟ್ಟು ಬಿದ್ದೊಡನೆ ಕಾಗದ ಕಾಗದವಾಗಿ ಉಳಿಯುವುದಿಲ್ಲ. ಅದು ಮನೆಯ ಆಸ್ತಿಯಾಗುತ್ತದೆ.

ಗೋಡೆಯ ಮೇಲೆ ವಂಶವನ್ನು ಕಾಣಿಸುವ ಈ ಹಂಬಲ ಒಂದು ಕಾಲಕ್ಕೆ ಅರಸರದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚಿತ್ರಕಾರರಿಗೆ ದೊಡ್ಡ ಆಶ್ರಯದಾತರು. ಮಕ್ಕಿ ಸಫೇದದಿಂದ ಉಬ್ಬು ಕೆಲಸ ಮಾಡಿ ಬಂಗಾರದ ರೇಕು ಅಂಟಿಸುವ ಮೈಸೂರು ಶೈಲಿಯ ಚಿತ್ರಗಳು ಅವರ ಕಾಲದಲ್ಲಿ ಬಹುವಾಗಿ ಬೆಳೆದವು. ಜಗನ್ಮೋಹನ ಅರಮನೆಯಲ್ಲಿರುವ ‘ಸಂತಾನಾಂಬುಜ’ದಲ್ಲಿ ರಾಜವಂಶವೇ ಕಮಲದ ರೂಪ ತಳೆದಿದೆ. ಹಳ್ಳಿಯ ನಡುಮನೆಯಲ್ಲಿ ಅಜ್ಜ, ಅಪ್ಪ, ಮಕ್ಕಳ ಪಟಗಳನ್ನು ಸಾಲಾಗಿ ಹಾಕುವ ಒಕ್ಕಲು ಮನೆತನಕ್ಕೂ ಆ ಅರಮನೆಯ ಗೋಡೆಗೂ ಇರುವ ಅಂತರ ಸಂಪತ್ತಿನದು, ಆಸೆ ಒಂದೇ.

ಅರಮನೆಯ ಗೋಡೆಯಿಂದ ಬಡವನ ಗೋಡೆಗೆ ಚಿತ್ರವನ್ನು ಇಳಿಸಿದ್ದು ಮುದ್ರಣ ಯಂತ್ರ. 1885ರಲ್ಲಿ ಚಾಮರಾಜ ಒಡೆಯರ ಆಹ್ವಾನದ ಮೇಲೆ ಮೈಸೂರಿಗೆ ಬಂದು ರಾಜಮನೆತನದವರ ಚಿತ್ರಗಳನ್ನು ಬರೆದ ರಾಜಾ ರವಿವರ್ಮ, 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭಿಸಿದರು. ಮುಂದೆ ಅದು ಲೋನಾವಳದ ಬಳಿಯ ಮಳವಳಿಗೆ ಹೋಯಿತು. ಜರ್ಮನಿಯ ಫ್ರಿಟ್ಜ್ ಶ್ಲೈಶರ್ ಅದನ್ನು ಕೊಂಡರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಿನಂತೆ ಅಚ್ಚಾದ ಲಕ್ಷ್ಮಿ, ಸರಸ್ವತಿಯರು ದೇಶದ ಮೂಲೆಮೂಲೆಗೆ ತಲುಪಿದರು. ದೇವಸ್ಥಾನದೊಳಗೆ ಕಾಲಿಡಲು ಬಿಡದಿದ್ದ ಜಾತಿಗಳವರ ಮನೆಗೂ ದೇವರು ಪಟವಾಗಿ ಬಂದದ್ದು ಸಣ್ಣ ಸಂಗತಿಯಲ್ಲ.

ಜನ ಅದನ್ನು ಇದ್ದಂತೆಯೇ ಒಪ್ಪಿಕೊಳ್ಳಲಿಲ್ಲ. ಅಚ್ಚಾದ ಲಕ್ಷ್ಮಿಯ ಸೀರೆಯ ಮೇಲೆ ನಿಜವಾದ ಬಟ್ಟೆ ಅಂಟಿಸಿ, ಅಂಚಿಗೆ ಜರಿ ಇಟ್ಟು, ಒಡವೆಯ ಜಾಗದಲ್ಲಿ ಚಮಕಿ, ಮಣಿ ಕೂಡಿಸಿ ಆಮೇಲೆ ಕಟ್ಟು ಹಾಕಿಸಿದರು. ಸಾವಿರಾರು ಪ್ರತಿಗಳಲ್ಲಿ ಒಂದಾಗಿ ಬಂದ ಚಿತ್ರ ಹೀಗೆ ಒಂದು ಮನೆಯದೇ ಆಯಿತು. ಆಗ ಹೆಂಗಸರು ಬಿಡುವಿನಲ್ಲಿ ಕುಳಿತು ಮಾಡಿದ ಈ ಕೆಲಸವನ್ನು ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯವು ಇಂಥ ಜನಪ್ರಿಯ ಅಚ್ಚುಚಿತ್ರಗಳಿಗೂ ಜಾಗ ಕೊಟ್ಟಿದೆ. ರವಿವರ್ಮರ ನಂತರ ಕ್ಯಾಲೆಂಡರ್ ಚಿತ್ರಕಾರರ ಕಾಲ ಬಂತು. ಅವರಲ್ಲಿ ಹೆಸರಾದ ಎಸ್.ಎಂ. ಪಂಡಿತ್ (1916–1993) ಗುಲ್ಬರ್ಗದವರು.

ದೇವರ ಪಕ್ಕದಲ್ಲಿ ಮನುಷ್ಯ ಬಂದು ನಿಂತದ್ದು ಫೋಟೋದಿಂದ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಈ ವಿದ್ಯೆ ಬೇಗನೆ ಭಾರತಕ್ಕೆ ಬಂದರೂ ಬಹುಕಾಲ ಅರಮನೆ, ದಂಡು, ದೊಡ್ಡ ಪಟ್ಟಣಗಳನ್ನು ಬಿಟ್ಟು ಹೊರಡಲಿಲ್ಲ. ಫೋಟೋ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆಂಬ ನಂಬಿಕೆ ಬೇರೆ. ಹೀಗಾಗಿ ಎಷ್ಟೋ ಜನ ಬದುಕಿನಲ್ಲಿ ಒಂದೇ ಒಂದು ಸಲ ಕ್ಯಾಮರಾದ ಮುಂದೆ ಕುಳಿತರು. ಕೆಲವರನ್ನು ಕೂರಿಸಿದ್ದು ಸತ್ತ ಮೇಲೆ. ಹೂವಿನ ಹಾರ ಹಾಕಿ, ಕುರ್ಚಿಗೆ ಒರಗಿಸಿ, ಸುತ್ತ ಬಂಧುಗಳು ನಿಂತು ತೆಗೆಸಿದ ಅಂಥ ಚಿತ್ರಗಳು ಇಂದಿನವರಿಗೆ ಮುಜುಗರ ತರಬಹುದು. ಆ ಮನೆಯವರಿಗೆ ಬೇರೆ ಮುಖವೇ ಇರಲಿಲ್ಲ.

ಫೋಟೋ ಒಂದನ್ನೇ ಜನ ಗಾಜಿನೊಳಗೆ ಇಟ್ಟದ್ದಲ್ಲ. ಹಿಂದೆ ಮೇಷ್ಟ್ರು ನಿವೃತ್ತರಾದರೆ ಊರವರು ಬಿನ್ನವತ್ತಳೆ ಅರ್ಪಿಸುತ್ತಿದ್ದರು. ಅಲಂಕಾರದ ಅಂಚಿನ ನಡುವೆ ಗುಣಗಾನ ಅಚ್ಚು ಹಾಕಿಸಿ, ಸಭೆಯಲ್ಲಿ ಗಟ್ಟಿಯಾಗಿ ಓದಿ, ಕಟ್ಟು ಸಮೇತ ಕೈಗಿಡುವುದು ಪದ್ಧತಿ. ಹರಿಜನ ನಿಧಿಗಾಗಿ 1933–34ರಲ್ಲಿ ದೇಶ ಸುತ್ತಿದ ಗಾಂಧೀಜಿ ತಮಗೆ ಬಂದ ಬಿನ್ನವತ್ತಳೆಗಳನ್ನು ಸಭೆಗಳಲ್ಲೇ ಹರಾಜು ಹಾಕುತ್ತಿದ್ದರು. ಆ ಪ್ರವಾಸ 1934ರ ಜನವರಿಯಲ್ಲಿ ಮೈಸೂರು ಸಂಸ್ಥಾನಕ್ಕೂ ಬಂದಿತ್ತು. ಮಹಾತ್ಮರಿಗೆ ಹೊರೆಯಾದದ್ದು ಮೇಷ್ಟ್ರ ಮನೆಯಲ್ಲಿ ಮೂರು ತಲೆಮಾರು ಉಳಿಯಿತು. ಹೆಣ್ಣುಮಕ್ಕಳ ಕಸೂತಿ, ಮಣಿ ಕೆಲಸಗಳೂ ಹಾಗೆಯೇ. ಮದುವೆಯಾಗಿ ಹೋಗುವ ಹುಡುಗಿ ತವರಿನಿಂದ ಒಯ್ದ ಸಾಮಾನಿನಲ್ಲಿ ಅವಳದೇ ಕೈಯ ಗುರುತು ಇದ್ದದ್ದು ಆ ಗಾಜಿನ ಹಿಂದೆ.

ಗೋಡೆಯ ಸಾಲಿನಲ್ಲಿ ಬಹುಕಾಲ ಕಾಣದಿದ್ದವರು ಬಡ ಹೆಂಗಸರು. ಅವರ ಪೈಕಿ ಎಷ್ಟೋ ಮಂದಿಗೆ ಮೊದಲ ಫೋಟೋ ಒದಗಿಸಿದ್ದು ಚುನಾವಣಾ ಆಯೋಗ. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಮತದಾರರಿಗೆ ಭಾವಚಿತ್ರವಿರುವ ಗುರುತಿನ ಚೀಟಿ ಕೊಡುವ ನಿರ್ಧಾರವಾಯಿತು. ಶಾಲೆಯ ಜಗಲಿಯಲ್ಲಿ ಗಾಬರಿಯಿಂದ ಕುಳಿತು ತೆಗೆಸಿದ, ಹೆಬ್ಬೆರಳಿನಷ್ಟು ಅಗಲದ ಆ ಮುಖವೇ ತಿಥಿಯ ಹೊತ್ತಿಗೆ ಸ್ಟುಡಿಯೋ ಸೇರುತ್ತದೆ. ಹಿಂದೆ ಕುಂಚ ಹಿಡಿದು ತಿದ್ದುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ತಿದ್ದುತ್ತಾರೆ. ಅವ್ವನಿಗೆ ರೇಷ್ಮೆ ಸೀರೆ ಉಡಿಸಬಹುದು, ಕೊರಳಿಗೆ ಸರ ಹಾಕಬಹುದು, ಹಿಂದೆ ಮೋಡ ಬರಿಸಬಹುದು. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಬೆಳೆದು ಕಳಿಸುವ ಸೀಮೆಯಲ್ಲೂ ರೇಷ್ಮೆ ಉಡದೆ ಸತ್ತ ತಾಯಂದಿರಿದ್ದಾರೆ. ಮಕ್ಕಳು ಮಾಡಿಸುವ ಈ ಸುಳ್ಳಿನಲ್ಲಿ ತೀರಿಸಲಾಗದ ಒಂದು ಸಾಲವಿದೆ.

ಇಂಥ ಗಿರಾಕಿಗಳನ್ನು ನಿತ್ಯ ಕಾಣುವ ಕಸುಬುದಾರನ ಹೆಸರು ಎಲ್ಲೂ ಬರುವುದಿಲ್ಲ. ಚನ್ನಪಟ್ಟಣದ ಬೊಂಬೆಗೂ ಮೈಸೂರು ಚಿತ್ರಕಲೆಗೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಕಟ್ಟು ಹಾಕುವವನು ಯಾವ ಪಟ್ಟಿಗೂ ಸೇರಿಲ್ಲ. ಬೀಡಿಂಗಿನ ನಾಲ್ಕು ತುಂಡುಗಳನ್ನು ಮೂಲೆಯಲ್ಲಿ ಸರಿಯಾಗಿ 45 ಡಿಗ್ರಿಗೆ ಕೊಯ್ಯಬೇಕು. ಕೂದಲೆಳೆಯಷ್ಟು ತಪ್ಪಿದರೂ ನಾಲ್ಕನೆಯ ಮೂಲೆ ಬಾಯಿ ಬಿಡುತ್ತದೆ. ಗಾಜು ಕೊಯ್ದು, ಚಿತ್ರವಿಟ್ಟು, ಹಿಂದೆ ರಟ್ಟು ಕೊಟ್ಟು, ಸಣ್ಣ ಮೊಳೆ ಬಡಿದು, ದೂಳು ಹೋಗದಂತೆ ಸುತ್ತಲೂ ಕಾಗದ ಅಂಟಿಸಬೇಕು.

ಪಟದ ಆಯುಸ್ಸನ್ನು ನಿರ್ಧರಿಸುವುದು ಕಣ್ಣಿಗೆ ಕಾಣದ ಈ ಹಿಂಬದಿ. ಅಗ್ಗದ ರಟ್ಟಿನಲ್ಲಿರುವ ಆಮ್ಲ ನಿಧಾನವಾಗಿ ಕಾಗದವನ್ನು ಕಂದಾಗಿಸುತ್ತದೆ. ಫೋಟೋ ನೇರವಾಗಿ ಗಾಜಿಗೆ ತಾಗಿದರೆ ಮಳೆಗಾಲದ ತೇವಕ್ಕೆ ಅಂಟಿಕೊಳ್ಳುತ್ತದೆ. ಕೀಳಲು ಹೋದರೆ ಮುಖವೇ ಕಿತ್ತು ಬರುತ್ತದೆ. ಚಿತ್ರದ ಸುತ್ತ ದಪ್ಪ ಕಾಗದದ ಅಂಚು ಕೊಡುವುದು ಅಂದಕ್ಕೆ ಮಾತ್ರವಲ್ಲ, ಗಾಜನ್ನು ದೂರವಿಡಲು ಕೂಡ. ಬೆಳ್ಳಿಯ ಲವಣದಿಂದ ಮೂಡಿದ ಹಳೆಯ ಕಪ್ಪುಬಿಳುಪು ಚಿತ್ರಗಳು ಗಟ್ಟಿ. 1970–80ರ ದಶಕದ ಬಣ್ಣದ ಫೋಟೋಗಳು ಬಿಸಿಲು ಬಿದ್ದ ಗೋಡೆಯಲ್ಲಿ ಕೆಂಪಾಗಿ ಮಾಸಿವೆ. ಅಜ್ಜನ ಮುಖ ಉಳಿದು ಮೊಮ್ಮಗನ ಮದುವೆ ಅಳಿಸಿಹೋಗುವುದು ಹೀಗೆ.

ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವಾಗ ಈ ಪಟಗಳಿಗೆ ಕಂಟಕ. ಹೊಸ ಗೋಡೆಗೆ ಮೊಳೆ ಹೊಡೆಯಲು ಯಾರಿಗೂ ಮನಸ್ಸಿಲ್ಲ. ಗಾಜು ಒಡೆದ ದೇವರನ್ನು ತಿಪ್ಪೆಗೆ ಎಸೆಯಲಾಗದೆ ಅರಳಿಕಟ್ಟೆಯ ಬುಡದಲ್ಲಿಟ್ಟು ಕೈಮುಗಿದು ಬರುತ್ತಾರೆ. ಹಿರಿಯರನ್ನು ಅಲ್ಲಿಡುವಂತಿಲ್ಲ, ಅವರು ಮೂಟೆಯಲ್ಲಿ ಸೇರಿ ಗೆದ್ದಲಿಗೆ ಆಹಾರವಾಗುತ್ತಾರೆ. ಮೊಬೈಲಿನಲ್ಲಿ ದಿನಕ್ಕೆ ಹತ್ತು ಚಿತ್ರ ತೆಗೆಯುವ ಕಾಲದಲ್ಲಿ, ಒಂದೇ ಪ್ರತಿಯಿರುವ ಚಿತ್ರ ಹಾಳಾಗುವುದೆಂದರೆ ಏನೆಂದು ಊಹಿಸುವುದೂ ಕಷ್ಟವಾಗಿದೆ. ಒಕ್ಕಲಿನವರ, ಕೂಲಿಯವರ ಮುಖಗಳು ಯಾವ ಸರಕಾರಿ ದಾಖಲೆ ಕೊಠಡಿಯಲ್ಲೂ ಇಲ್ಲ. ಇರುವುದು ಆ ಗೋಡೆಯ ಮೇಲೆ ಮಾತ್ರ.

ಮುಖ ಉಳಿದರೂ ಹೆಸರು ಹೋಗಬಹುದು. ಗೋಡೆಯ ಮೇಲಿರುವವರು ಯಾರೆಂದು ಹೇಳಬಲ್ಲವರು ಮನೆಯಲ್ಲಿ ಸಾಮಾನ್ಯವಾಗಿ ಒಬ್ಬರೇ, ಅದೂ ಎಲ್ಲರಿಗಿಂತ ಹಿರಿಯರು. ಅವರು ಇರುವಾಗಲೇ ಪಟಗಳನ್ನು ಇಳಿಸಿ, ದೂಳೊರೆಸಿ, ಹಿಂದಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಹೆಸರು, ಊರು, ಇಸವಿ ಬರೆದಿಡಬೇಕು. ಒಂದು ಪ್ರತಿಯನ್ನೂ ತೆಗೆದಿಡಬೇಕು. ಇದಕ್ಕೆ ಒಂದು ಮಧ್ಯಾಹ್ನ ಸಾಕು. ಆ ಹಿರಿಯರು ಹೋದ ಮರುದಿನ ಇಡೀ ಊರು ಸೇರಿದರೂ ಸಾಧ್ಯವಿಲ್ಲ.