ಸೀರೆ, ಸೀಟಿ ಮತ್ತೆ ಒಂದು ಹಳೇ ಕಾನೂನು (ಭಾಗ 3)

ಎಥ್ನಿಕ್ ಡೇ ದಿನ ಹುಡುಗ ತಮಾಷೆಗೆ ಸೀರೆ ಉಟ್ರೆ ನೀವೂ ನಾವೂ ಸೀಟಿ ಹೊಡಿತೀವಿ. ಮನಸಾರೆ ಉಟ್ರೆ? ಅಡ್ಡಹೆಸರು ಇಡ್ತೀವಿ.

1919ರಲ್ಲಿ ನಿಜಾಮರ ಹೈದರಾಬಾದ್ ಸರ್ಕಾರ ಹಿಜ್ರಾ ಸಮುದಾಯದವರ ಹೆಸರು ಪಟ್ಟಿ ಮಾಡೋ ಕಾನೂನು ತಂತು. ಪಟ್ಟಿಯಲ್ಲಿದ್ದವರು ಹೆಣ್ಣಿನ ಉಡುಪಲ್ಲಿ ಬೀದೀಲಿ ಕಂಡ್ರೆ ವಾರಂಟ್ ಇಲ್ಲದೇ ಬಂಧಿಸಬಹುದಿತ್ತು. ಆಗ ನಮ್ಮ ರಾಯಚೂರು, ಮಾನ್ವಿ, ದೇವದುರ್ಗ ಅದೇ ಸಂಸ್ಥಾನದಲ್ಲಿದ್ದವು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ್ವಿ. ಪಕ್ಕದ ತೆಲಂಗಾಣದಲ್ಲಿ ಆ ಕಾನೂನು ಉಳೀತು. ಅಲ್ಲಿನ ಹೈಕೋರ್ಟ್ ಅದನ್ನ ರದ್ದು ಮಾಡಿದ್ದು 2023ರಲ್ಲಿ!

ಈಗ ಕಾಲೇಜಿಗೆ ಬರ್ರಿ. ಲಿಂಗತ್ವ, ಲೈಂಗಿಕ ಒಲವಿನ ಕಾರಣಕ್ಕೆ ಒಬ್ಬರನ್ನ ಪೀಡಿಸೋದು, ದೂರ ಇಡೋದು ರ‍್ಯಾಗಿಂಗ್ ಅಂತ ಯುಜಿಸಿ 2016ರಲ್ಲೇ ನಿಯಮ ಮಾಡಿದೆ. ಅಂದ್ರೆ ಇವತ್ತು ತಪ್ಪು ಸೀರೆದಲ್ಲ, ಅಡ್ಡಹೆಸರಿಂದು.

ನಾಳೆ ಕ್ಯಾಂಟೀನಲ್ಲಿ ಯಾರಾದ್ರೂ ಆ ಹೆಸರು ಕೂಗಿದ್ರೆ, ನೀವು ನಗ್ತೀರೋ, "ಸುಮ್ನಿರಲೇ" ಅಂತೀರೋ?